ಮುದುಕಿಯ ಅಳು, ಪಕ್ಕದಲ್ಲಿ ನಲ್ಲಿ ನೀರು

ನನ್ನ ಸ್ವಂತ ಮನೆಯಲ್ಲಿ ನಾನೇ ಸದ್ದು ಮಾಡುವ ಹಾಗಿಲ್ಲ. ಪಾತ್ರೆ ಇಟ್ಟರೆ ಮೆತ್ತಗಿಡಬೇಕು, ಬಾಗಿಲು ಹಾಕಿದರೆ ಹಿಡಿಕೆ ಎತ್ತಿ ಹಿಡಿದು ಹಾಕಬೇಕು, ಸೀನು ಬಂತೆಂದರೆ ಮೂಗು ಹಿಡಿದುಕೊಂಡು ಹಿತ್ತಲಿಗೆ ಓಡಬೇಕು. ಈ ಮಂಡಿ ಇಟ್ಟುಕೊಂಡು ಓಡುವ ಕಷ್ಟ ಓಡಿದವರಿಗೇ ಗೊತ್ತು. ಎಷ್ಟೋ ಸೀನು ದಾರಿಯಲ್ಲೇ ಮುಗಿದುಹೋಗಿ, ಒಳಗಿನಿಂದ ಮಗ ನಿಟ್ಟುಸಿರು ಬಿಟ್ಟದ್ದು ನನಗೆ ಕೇಳಿಸಿದೆ.

ಯಾಕೆಂದರೆ ನನ್ನ ಮಗ, ಸೊಸೆ ಇಬ್ಬರೂ ಸದ್ದು ಮಾರುತ್ತಾರೆ. ಸಿನಿಮಾದಲ್ಲಿ ಬಾಗಿಲು ಕಿರ್ರೆನ್ನುತ್ತದಲ್ಲ, ಕಂಪ್ಯೂಟರ್ ಆಟದಲ್ಲಿ ಯಾರೋ ಜಲ್ಲಿಕಲ್ಲು ತುಳಿದುಕೊಂಡು ಬರುತ್ತಾರಲ್ಲ, ಅವೆಲ್ಲ ತಾವಾಗಿ ಬಂದ ಸದ್ದುಗಳಲ್ಲವಂತೆ. ಯಾರೋ ಬೇರೆಲ್ಲೋ ಕೂತು ಮಾಡಿ, ಮೆಷಿನ್ನಿನಲ್ಲಿ ಹಿಡಿದು, ಬೇಕಾದಷ್ಟು ಕತ್ತರಿಸಿ ಇಂಟರ್‌ನೆಟ್ಟಿನ ಅಂಗಡಿಯಲ್ಲಿಟ್ಟಿರುತ್ತಾರೆ. ಬೇಕಾದವರು ದುಡ್ಡು ಕಟ್ಟಿ ಇಳಿಸಿಕೊಳ್ಳುತ್ತಾರೆ. ಕೊಳ್ಳುವವರೆಲ್ಲ ಹೊರದೇಶದವರು. ನಮ್ಮ ಬೀದಿಯವರಿಗೆ ಸದ್ದು ಬೇಕಾದಷ್ಟು ಪುಕ್ಕಟೆಯಾಗಿ ಸಿಗುತ್ತದೆ, ಅವರು ಯಾಕೆ ಕೊಳ್ಳುತ್ತಾರೆ?

ಮೊದಲು ಮಗ ಡಬ್ಬಿಂಗ್ ಸ್ಟುಡಿಯೋದಲ್ಲಿ ಸಂಬಳಕ್ಕಿದ್ದ. ಸ್ಟುಡಿಯೋದವರು ಬಾಗಿಲು ಹಾಕಿದ ಮೇಲೆ ತಿಂಗಳುಗಟ್ಟಲೆ ತಲೆ ಮೇಲೆ ಕೈ ಹೊತ್ತು ಕೂತಿದ್ದು, ಆಮೇಲೆ ಈ ವ್ಯಾಪಾರಕ್ಕೆ ಇಳಿದ. ಹಿಂದಿನ ಕೋಣೆಯ ಗೋಡೆಗೆಲ್ಲ ಹಳೇ ರಜಾಯಿ ಹೊಡೆದು ಅದಕ್ಕೆ ಸ್ಟುಡಿಯೋ ಎಂದು ಹೆಸರಿಟ್ಟ. ಅದರೊಳಗೆ ಹೆಂಡತಿಯ ಎತ್ತರ ಹಿಮ್ಮಡಿಯ ಚಪ್ಪಲಿ ಹಾಕಿಕೊಂಡು ಟಕಟಕ ನಡೆಯುತ್ತಾನೆ. ಅವಳು ಕ್ಯಾರೆಟ್ ಮುರಿಯುತ್ತಾಳೆ. ಅದು ಪರದೇಶದ ಸಿನಿಮಾದಲ್ಲಿ ಯಾರದೋ ಮೂಳೆ ಮುರಿದ ಸದ್ದಾಗುತ್ತದೆ. ಅಳುವುದು, ಕಿರುಚುವುದು, ನರಳುವುದೆಲ್ಲ ಸೊಸೆಯ ಪಾಲು. ಮೊದಲ ಸಲ ಅವಳ ಅಳು ಕೇಳಿ, ಇವನು ಹೊಡೆಯುತ್ತಿದ್ದಾನೆಂದುಕೊಂಡು ನಾನು ಪೊರಕೆ ಹಿಡಿದು ನುಗ್ಗಿದ್ದೆ. ನೋಡಿದರೆ ಇವಳು ಕಾಲು ಮೇಲೆ ಕಾಲು ಹಾಕಿಕೊಂಡು, ಒಣಗಿದ ಕಣ್ಣಿನಲ್ಲಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಾಳೆ. ಅವತ್ತಿನಿಂದ ಆ ಕೋಣೆಯಲ್ಲಿ ಯಾರ ಪ್ರಾಣ ಹೋದ ಹಾಗೆ ಕೇಳಿಸಿದರೂ ನಾನು ತಲೆ ಕೆಡಿಸಿಕೊಂಡಿಲ್ಲ.

ಕೆಲಸ ಚೆನ್ನಾಗಿಯೇ ನಡೆಯಿತು. ಕಷ್ಟ ಆದದ್ದು ನನಗೆ. ನಾನು ಬಟ್ಟೆ ಗಿರಣಿಯಲ್ಲಿ ಮಗ್ಗ ನೋಡಿಕೊಂಡವಳು. ಅಷ್ಟು ಮಗ್ಗಗಳು ಒಟ್ಟಿಗೆ ಬಡಿಯುವ ಕಡೆ ಪಿಸುಮಾತು ನಡೆಯುವುದಿಲ್ಲ. ಪಕ್ಕದವಳಿಗೆ ನೂಲು ಕಡಿದದ್ದನ್ನು ಹೇಳಬೇಕಾದರೂ ಹೊಟ್ಟೆಯಿಂದ ಕೂಗಬೇಕು. ಗಿರಣಿ ಬಿಟ್ಟರೂ ಗಂಟಲು ಬಿಡಲಿಲ್ಲ. ಉಪ್ಪು ಕೇಳಿದರೂ ಜಗಳಕ್ಕೆ ಬಂದವಳ ಹಾಗೆ ಕೇಳಿಸುತ್ತದೆ. ಗಿರಣಿಯವರು ಕೊನೆಗೆ ಕೊಟ್ಟ ಗಂಟಿನಲ್ಲೇ ಈ ಮನೆ ಕೊಂಡದ್ದು, ನನ್ನ ಹೆಸರಿನಲ್ಲಿ. ಕೊಂಡಾಗ ಇಲ್ಲಿ ತುಟಿ ಪಿಟಕ್ಕೆನ್ನದೆ ಇರಬೇಕಾಗುತ್ತದೆ ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ನಗುವ ಮಾತು ಬಂದಾಗ ಗಿಲಕಿಯ ವಿಷಯ ಹೇಳಬೇಕು. ನನ್ನ ಪಕ್ಕದ ಮಗ್ಗದವಳು. ನಕ್ಕರೆ ಗಿಲಕಿ ಅಲ್ಲಾಡಿಸಿದ ಹಾಗೆ, ಒಮ್ಮೆ ಶುರುವಾದರೆ ನಿಲ್ಲುವುದಿಲ್ಲ, ಅದಕ್ಕೇ ಆ ಹೆಸರು. ಹಿಂದಿನ ಬೀದಿಯಲ್ಲಿ ಒಂದು ಕೋಣೆ ಬಾಡಿಗೆ ಹಿಡಿದು ಒಬ್ಬಳೇ ಇದ್ದಳು. ಊಟ ಮುಗಿಸಿ ನಮ್ಮ ಮನೆಗೆ ಬಂದರೆ ದೀಪ ಹಚ್ಚುವ ಹೊತ್ತಿನವರೆಗೂ ಇಬ್ಬರದೂ ಬಾಯಿ ಮುಚ್ಚುತ್ತಿರಲಿಲ್ಲ. ಗಿರಣಿಯ ಮೇಸ್ತ್ರಿ ಸತ್ತು ಎಷ್ಟು ಕಾಲವಾಯಿತೋ, ನಾವಿನ್ನೂ ಅವನನ್ನು ಅಣಕಿಸುವುದು ಬಿಟ್ಟಿರಲಿಲ್ಲ.

ಹೀಗೇ ಒಂದು ಮಧ್ಯಾಹ್ನ ಅವಳು ಮೇಸ್ತ್ರಿಯ ಕೆಮ್ಮು ತೆಗೆದು ತೋರಿಸಿ, ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿರುವಾಗ ಮಗ ಹೆಡ್‌ಫೋನು ಕುತ್ತಿಗೆಗೆ ಹಾಕಿಕೊಂಡು ಹೊರಗೆ ಬಂದ. ಬೆಳಗಿನಿಂದ ಹಳೇ ಪುಸ್ತಕದ ಹಾಳೆ ತಿರುವುವ ಸದ್ದು ಹಿಡಿಯುತ್ತಿದ್ದರಂತೆ.

"ಅಮ್ಮ, ಇಡೀ ದಿನದ ಕೆಲಸ ಹಾಳಾಯ್ತು. ನಗೋದಿದ್ರೆ ಇಬ್ಬರೂ ಹೊರಗೆ ಎಲ್ಲಾದ್ರೂ ಹೋಗಿ ನಗಿ. ಇದು ಕೆಲಸ ಮಾಡೋ ಜಾಗ."

ಕೂಗಿ ಹೇಳಲಿಲ್ಲ, ಮೆತ್ತಗೇ ಹೇಳಿದ. ಅದೇ ಹೆಚ್ಚು ಚುಚ್ಚಿತು. ಗಿಲಕಿ ಲೋಟ ಕೆಳಗಿಟ್ಟು, "ಬರ್ತೀನಿ ಕಣೇ" ಎಂದು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಬಾಗಿಲು ದಾಟಿದಳು. ಚಪ್ಪಲಿ ಸದ್ದಾದೀತೆಂದು. ಆಮೇಲೆ ನಮ್ಮ ಮನೆಗೆ ಬರಲಿಲ್ಲ. ನಾನು ಅವಳ ಕೋಣೆಗೆ ಹೋಗಬಹುದಿತ್ತು, ಒಂದೆರಡು ಸಲ ಹೋದೆ ಕೂಡ. ಆದರೆ ಸ್ವಂತ ಮನೆಯಿದ್ದೂ ಗೆಳತಿಯನ್ನು ಕೂರಿಸಿಕೊಳ್ಳಲಾಗದವಳು ಅವಳ ಮನೆಯಲ್ಲಿ ಯಾವ ಮುಖ ಇಟ್ಟುಕೊಂಡು ಕೂರುವುದು? ಹೋಗುವುದು ತಾನಾಗಿ ಕಡಿಮೆಯಾಯಿತು.

ಹೀಗಿರುವಾಗ ತೆರಿಗೆಯ ರಗಳೆ ಬಂತು. ಸದ್ದುಗಳನ್ನಿಟ್ಟ ಪರದೇಶದ ಅಂಗಡಿಯವರು ಮಗನಿಗೆ ಬರೆದರು: ನಿಮ್ಮ ದೇಶದ ಮಾರಾಟ ತೆರಿಗೆಯಲ್ಲಿ ನೋಂದಾಯಿಸಿಕೊಂಡ ನಂಬರ್ ಈ ತಿಂಗಳೊಳಗೆ ಕೊಡಿ, ಇಲ್ಲದಿದ್ದರೆ ನಿಮ್ಮ ಅಂಗಡಿ ಮುಚ್ಚುತ್ತೇವೆ. ಮಗನ ಮುಖ ಸುಣ್ಣವಾಯಿತು. ಅದು ಮುಚ್ಚಿದರೆ ಮನೆಯಲ್ಲಿ ಬೇರೆ ವರಮಾನ ನನ್ನ ಪಿಂಚಣಿ ಮಾತ್ರ. ಅದು ನನ್ನ ಮಾತ್ರೆಗಳಿಗೇ ಸಾಲದು.

ಆಡಿಟರ್ ಆಫೀಸು ಟೈರ್ ಅಂಗಡಿಯ ಮೇಲಿತ್ತು. ಮನೆಯ ಒಡತಿ ಬರಬೇಕೆಂದು ನನ್ನನ್ನೂ ಆ ಕಡಿದಾದ ಮೆಟ್ಟಿಲು ಹತ್ತಿಸಿದರು. ಫೈಲುಗಳ ಮಧ್ಯೆ ತಲೆ ಮಾತ್ರ ಕಾಣುವ ಮನುಷ್ಯ.

"ಹೊರದೇಶಕ್ಕೆ ಮಾರೋ ಸರಕಿಗೆ ಇಲ್ಲಿ ತೆರಿಗೆ ಸೊನ್ನೆ," ಎಂದರು.

"ಹಾಗಾದ್ರೆ ನಾವ್ಯಾಕೆ ಮೆಟ್ಟಿಲು ಹತ್ತಿ ಬಂದ್ವಿ?" ಎಂದೆ.

"ಸೊನ್ನೆ ಅಂತ ತೋರಿಸೋಕೆ ನೋಂದಣಿ ಬೇಕಲ್ಲಮ್ಮ. ನೋಂದಣಿ ಇಲ್ಲದವರಿಗೆ ಸೊನ್ನೆ ಇಲ್ಲ."

"ಏನೂ ಕೊಡಬೇಕಾಗಿಲ್ಲ ಅಂತ ಹೇಳೋಕೆ ಇಷ್ಟೆಲ್ಲ ಕಾಗದಾನಾ?"

"ನನ್ನ ಹೊಟ್ಟೆಪಾಡು ನಡೀತಿರೋದೇ ಅದರಿಂದ," ಎಂದು ನಕ್ಕರು. ನನಗೆ ಆ ಮನುಷ್ಯ ಹಿಡಿಸಿದರು. ಆಮೇಲೆ ಗಂಭೀರವಾಗಿ ವಿವರಿಸಿದರು. ಈ ಮನೆಯೇ ವ್ಯಾಪಾರದ ಜಾಗ ಎಂದು ತೋರಿಸಬೇಕು, ಅದಕ್ಕೆ ಮನೆಯ ಒಡತಿಯಾದ ನಾನು ಒಪ್ಪಿ ಸಹಿ ಹಾಕಬೇಕು, ಬಾಗಿಲಿಗೆ ಬೋರ್ಡ್ ಹಾಕಬೇಕು, ಇಲಾಖೆಯವರು ಬಂದು ನೋಡಿ ಹೋಗಬೇಕು. ನೋಡಲು ಬಂದವರಿಗೆ ಒಂದು ಅನುಮಾನ ಬಂದರೂ ಅರ್ಜಿ ವಾಪಸ್, ಮತ್ತೆ ಮೊದಲಿನಿಂದ. ಅಷ್ಟರಲ್ಲಿ ತಿಂಗಳು ಮುಗಿದಿರುತ್ತದೆ.

ಮಗ ಪೆನ್ನು ಬಿಚ್ಚಿ ನನ್ನ ಕೈಗೆ ಕೊಟ್ಟ. ನಾನು ಮುಚ್ಚಿ ವಾಪಸ್ ಕೊಟ್ಟೆ.

"ಯೋಚನೆ ಮಾಡಿ ಹಾಕ್ತೀನಿ."

ದಾರಿಯುದ್ದಕ್ಕೂ ಅವನು ನನಗೆ ಕಾಯದೆ ನಾಲ್ಕು ಹೆಜ್ಜೆ ಮುಂದೆಯೇ ನಡೆದ. ನನಗೂ ಸಿಟ್ಟು ಬಂದಿತ್ತು, ಆದರೆ ಯಾರ ಮೇಲೆಂದು ಸರಿಯಾಗಿ ಗೊತ್ತಾಗಲಿಲ್ಲ. ಇಷ್ಟು ದಿನ ಸುಮ್ಮನಿದ್ದದ್ದು ಮಗನ ಕಷ್ಟ ನೋಡಿ, ನಾಳೆ ಸರಿಹೋದೀತು ಎಂಬ ಆಸೆಯಿಂದ. ಈಗ ಸಹಿ ಹಾಕಿದರೆ ಇದು ಮನೆಯಲ್ಲ, ಅಂಗಡಿ ಎಂದು ನಾನೇ ಸರ್ಕಾರಕ್ಕೆ ಬರೆದುಕೊಟ್ಟ ಹಾಗೆ. 'ಇದು ಕೆಲಸ ಮಾಡೋ ಜಾಗ' ಎಂದು ಅವನು ಅವತ್ತು ಹೇಳಿದ ಮಾತಿಗೆ ನಾನು ಮೊಹರು ಒತ್ತಿದ ಹಾಗೆ. ಸಾಯುವವರೆಗೂ ಬಾಯಿಗೆ ಬೀಗ ಹಾಕಿಕೊಂಡಿರುತ್ತೇನೆ ಎಂದು ಒಪ್ಪಿಕೊಳ್ಳುವುದಕ್ಕೆ ಮನಸ್ಸು ಬರಲಿಲ್ಲ.

ಮಗ ಊಟದ ಹೊತ್ತಿನಲ್ಲೆಲ್ಲ ತಟ್ಟೆ ನೋಡುತ್ತ ಕೂತ. ನಾನೂ ಹಟ ಹಿಡಿದೆ. ಕೊನೆಗೆ ಒಂದು ಬೆಳಿಗ್ಗೆ ಸೊಸೆ ಅಡುಗೆಮನೆಗೆ ಬಂದು, ತರಕಾರಿ ಹೆಚ್ಚುತ್ತಿದ್ದ ನನ್ನ ಪಕ್ಕದಲ್ಲಿ ಕೂತಳು. ಅವಳ ಬೆರಳುಗಳ ತುಂಬ ಗೀರು. ಯಾವುದೋ ಕಾಡಿನ ಸದ್ದಿಗೆಂದು ಒಣ ಕಡ್ಡಿ ಮುರಿದು ಮುರಿದು ಆದದ್ದು.

"ಅತ್ತೆ, ನಿಮಗೆ ಆಗಲ್ಲ ಅಂದ್ರೆ ಹೇಳಿಬಿಡಿ. ನಾನು ಎಲ್ಲಾದ್ರೂ ಕೆಲಸಕ್ಕೆ ಸೇರ್ತೀನಿ. ಇವರಿಗೆ ಮಾತ್ರ ಬೇರೆ ಏನೂ ಬರಲ್ಲ. ಸ್ಟುಡಿಯೋ ಮುಚ್ಚಿದಾಗ ಹೇಗಿದ್ರು ಅಂತ ನೀವೇ ನೋಡಿದೀರಲ್ಲ. ಮತ್ತೆ ಹಾಗೆ ಕೂತ್ರೆ ನನಗೆ ಭಯ."

ನನಗೂ ಅದೇ ಭಯ. ಆಗ ಅವನು ಸ್ನಾನ ಕೂಡ ಬಿಟ್ಟು ಗೋಡೆ ನೋಡುತ್ತ ಕೂತಿರುತ್ತಿದ್ದದ್ದು ನೆನಪಾಯಿತು. ಹೆತ್ತ ಹೊಟ್ಟೆಗೆ ಸ್ವಾಭಿಮಾನ ಎಷ್ಟು ದಿನ ನಿಂತೀತು? ಕೈ ಒರೆಸಿಕೊಂಡು, "ಕಾಗದ ತಾ" ಎಂದೆ.

ಇಲಾಖೆಯ ಅಧಿಕಾರಿ ಬಂದದ್ದು ತಿಂಗಳು ಮುಗಿಯುತ್ತ ಬಂದಾಗ. ಕಂಕುಳಲ್ಲಿ ಚೀಲ, ಮುಖದಲ್ಲಿ ಸುಸ್ತು. ಬಾಗಿಲಿನ ಬೋರ್ಡಿನ ಫೋಟೋ ತೆಗೆದುಕೊಂಡರು, ಒಳಗೆ ಬಂದು ಸುತ್ತ ಕಣ್ಣಾಡಿಸಿದರು.

"ಸರಕೆಲ್ಲಿ?"

ಮಗ ಕಂಪ್ಯೂಟರ್ ತೋರಿಸಿದ.

"ಇದು ಕಂಪ್ಯೂಟರು. ಸರಕೆಲ್ಲಿ? ಗೋಡೌನು?"

"ಸರ್, ಇದು ಡಿಜಿಟಲ್ ಸರಕು. ಎಲ್ಲ ಇದರೊಳಗೇ ಇರುತ್ತೆ."

"ಒಂದು ಸಲ ಮಾರಿದ್ಮೇಲೆ?"

"ಆಮೇಲೂ ಇರುತ್ತೆ ಸರ್."

"ಮಾರಿದ್ಮೇಲೂ ನಿಮ್ಮ ಹತ್ರಾನೇ ಇರುತ್ತಾ? ಇನ್ನೊಬ್ಬರಿಗೆ ಮಾರಿದ್ರೆ?"

"ಆಗಲೂ ಇರುತ್ತೆ."

ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. "ಹಾಗಾದ್ರೆ ನೀವು ಮಾರಿದ್ದೇನು?"

ಮಗ ಇಂಗು ತಿಂದ ಮಂಗನ ಹಾಗೆ ನಿಂತ. ನನಗೆ ನಗು ತಡೆಯಲಾಗಲಿಲ್ಲ. ಆದರೆ ಸೊಸೆಯ ಮುಖ ನೋಡಿ ನಗು ನುಂಗಿಕೊಂಡು, ನೀರು ತರುವ ನೆಪದಲ್ಲಿ ಅಡುಗೆಮನೆಗೆ ಹೋದೆ. ವಾಪಸ್ ಬರುವಷ್ಟರಲ್ಲಿ ಸೊಸೆ ಹೇಗೋ ಅವರಿಗೆ ತಿಳಿಹೇಳಿದ್ದಳು. ಅವರು ಕಂಪ್ಯೂಟರ್ ಮುಂದೆ ಕೂತಿದ್ದರು.

"ಇದೆಲ್ಲ ನೀವೇ ತಯಾರಿಸಿದ್ದಾ? ಇಲ್ಲ, ಬೇರೆಯವರದ್ದು ತಗೊಂಡು ಮಾರ್ತೀರಾ? ಅದು ಬೇರೆ ವಿಭಾಗಕ್ಕೆ ಬರುತ್ತೆ, ಅರ್ಜಿನೂ ಬೇರೆ."

"ಎಲ್ಲ ನಮ್ಮದೇ ಸರ್," ಎಂದರು ಇಬ್ಬರೂ.

"ಹೆಚ್ಚು ಮಾರಾಟ ಆಗಿರೋದು ಯಾವುದು? ಅದನ್ನ ಹಾಕಿ, ಕೇಳೋಣ."

ಮಗ ಹೆಮ್ಮೆಯಿಂದ ಒತ್ತಿದ. ಅದರ ಹೆಸರನ್ನೂ ಓದಿದ: "ಮುದುಕಿಯ ಅಳು, ಪಕ್ಕದಲ್ಲಿ ನಲ್ಲಿ ನೀರು."

ಮೊದಲು ನೀರಿನ ಸದ್ದು, ಬಕೆಟ್ಟಿಗೆ ಬೀಳುವ ನೀರು. ಅದರ ಹಿಂದೆ ಒಬ್ಬ ಹೆಂಗಸಿನ ಅಳು. ಜೋರಾಗಿ ಅಲ್ಲ. ಬಾಯಿಗೆ ಬಟ್ಟೆ ಅದುಮಿಕೊಂಡು, ಆಗಾಗ ಉಸಿರು ಸಿಗದೆ, ಮತ್ತೆ ಅದುಮಿಕೊಂಡು ಅಳುವುದು. ನೀರಿನ ಲೋಟ ಇಡಲು ಹೋದವಳು ಮೇಜಿನ ಅಂಚು ತಪ್ಪಿಸಿ ನೀರು ನೆಲಕ್ಕೆ ಚೆಲ್ಲಿದೆ. ಅದು ನಮ್ಮ ಬಚ್ಚಲಿನ ನಲ್ಲಿ. ಆ ಅಳು ನನ್ನದು.

ಗಿಲಕಿ ಊರು ಬಿಟ್ಟ ದಿನದ್ದು. ಅವಳ ಕೋಣೆಗೆ ಬೀಗ ಬಿದ್ದದ್ದು ನೋಡಿ ಮಾಲೀಕನನ್ನು ಕೇಳಿದೆ. ತಂಗಿಯ ಮಗ ಬಂದು ಕರೆದುಕೊಂಡು ಹೋದ, ಇನ್ನು ಬರೋದಿಲ್ಲ ಎಂದ. ಹೊರಡುವ ಮುಂಚೆ ನಮ್ಮ ಮನೆಯ ಬಾಗಿಲವರೆಗೆ ಬಂದಿದ್ದಳಂತೆ. ಒಳಗೆ ಕೆಲಸ ನಡೆಯುತ್ತಿದೆ, ತಟ್ಟಿದರೆ ಬೈದಾರು ಎಂದು ನಿಂತು ನೋಡಿ ಹಾಗೇ ವಾಪಸ್ ಬಂದೆ ಎಂದು ಅವನ ಹತ್ತಿರ ಹೇಳಿಕೊಂಡಿದ್ದಳಂತೆ. ನಾನು ಆಗ ಬಾಗಿಲ ಈಚೆ ಕೂತು ಸೊಪ್ಪು ಬಿಡಿಸುತ್ತಿದ್ದಿರಬೇಕು. ಮನೆಗೆ ಬಂದೆ. ಅಳುವುದಕ್ಕೂ ಮನೆಯಲ್ಲಿ ಜಾಗ ಇರಲಿಲ್ಲ. ಬಚ್ಚಲಿಗೆ ಹೋಗಿ ಚಿಲಕ ಹಾಕಿ, ನಲ್ಲಿ ತಿರುಗಿಸಿ, ಟವೆಲ್ ಬಾಯಿಗೆ ತುರುಕಿಕೊಂಡೆ. ಸೋಪಿನ ಗೂಡಿನಲ್ಲಿ ತುಪ್ಪಳದ ಟೋಪಿ ಹಾಕಿದ ಮೈಕು ಕೂತಿದ್ದದ್ದು ನನಗೆ ಕಾಣಲಿಲ್ಲ. ನಲ್ಲಿ ತೊಟ್ಟಿಕ್ಕುವ ಸದ್ದು ಸಿಗಲಿ ಎಂದು ಮಗ ಮೆಷಿನ್ ಹಚ್ಚಿಟ್ಟು ಪೇಟೆಗೆ ಹೋಗಿದ್ದನಂತೆ. ಅದು ನನಗೆ ಗೊತ್ತಾದದ್ದು ಆಮೇಲೆ.

"ಚೆನ್ನಾಗಿದೆ," ಎಂದರು ಅಧಿಕಾರಿ. "ಅಳ್ತಿರೋದು ಯಾರು?"

"ಇವಳು," ಎಂದ ಮಗ.

"ಇವರು ಎಲ್ಲಿಂದಲೋ ಮಾಡಿಸ್ಕೊಂಡು ಬಂದಿದ್ದು," ಎಂದಳು ಸೊಸೆ, ಅದೇ ಹೊತ್ತಿಗೆ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೆಷಿನ್ನಿನಲ್ಲಿ ಅಳು ಸಿಕ್ಕಾಗ ಮಗ ಅದು ಹೆಂಡತಿಯ ಹೊಸ ನಟನೆ ಎಂದುಕೊಂಡಿದ್ದ. ಅವಳು, ಗಂಡ ಯಾರೋ ನಾಟಕದ ಮುದುಕಿಯಿಂದ ಮಾಡಿಸಿರಬೇಕು ಎಂದುಕೊಂಡಿದ್ದಳು. ಕೇಳಿಕೊಳ್ಳುವಷ್ಟು ಪುರುಸೊತ್ತು ಇಬ್ಬರಿಗೂ ಇರಲಿಲ್ಲ. ದಿನಾ ಸುಳ್ಳು ಅಳು ಹಿಡಿಯುವ ಮನೆಯಲ್ಲಿ ನಿಜದ ಅಳು ಸಿಕ್ಕರೆ ಯಾರು ಬೆಚ್ಚಿಬೀಳುತ್ತಾರೆ? ಕತ್ತರಿಸಿ, ಹೆಸರಿಟ್ಟು, ಅಂಗಡಿಯಲ್ಲಿಟ್ಟರು. ಹೆತ್ತ ಮಗನಿಗೆ ತಾಯಿಯ ದನಿ ಗುರುತು ಸಿಗಲಿಲ್ಲವೇ ಎಂದು ನೀವು ಕೇಳಬಹುದು. ನಾನು ಅವನೆದುರು ಅತ್ತವಳೇ ಅಲ್ಲ. ಅವನಪ್ಪ ತೀರಿಕೊಂಡಾಗಲೂ ಮಗು ಹೆದರೀತು ಎಂದು ಹಲ್ಲು ಕಚ್ಚಿಕೊಂಡಿದ್ದೆ.

ಅಧಿಕಾರಿ ಚೀಲದ ಜಿಪ್ ಎಳೆದರು. "ಒಬ್ಬರು ಇವಳು ಅಂತೀರಿ, ಇನ್ನೊಬ್ಬರು ಎಲ್ಲಿಂದಲೋ ತಂದಿದ್ದು ಅಂತೀರಿ. ಸರಕು ಯಾರದ್ದು ಅನ್ನೋದೇ ನಿಮಗೆ ಗೊತ್ತಿಲ್ಲ. ನಾನು ಏನಂತ ಬರೀಲಿ?"

ಮಗನ ಹಣೆಯಲ್ಲಿ ಬೆವರು. "ಸರ್, ಅದು..." ಎಂದು ತೊದಲಿದ. ಅರ್ಜಿ ವಾಪಸ್ ಹೋಗುವುದು ನನ್ನ ಕಣ್ಣಿಗೇ ಕಾಣಿಸಿತು. ಅವನು ಮತ್ತೆ ಗೋಡೆ ನೋಡುತ್ತ ಕೂತದ್ದೂ ಕಾಣಿಸಿತು. ಒಂದು ಗಳಿಗೆ, ವಾಪಸ್ ಹೋಗಲಿ ಎಂದೂ ಅನಿಸಿತು. ಸುಳ್ಳು ಯಾಕೆ ಹೇಳಲಿ, ಅನಿಸಿತು. ಅನಿಸಿದ ಮರುಗಳಿಗೆಯೇ ಬಾಯಿ ತೆರೆದೆ.

"ನಾನೇ ಸ್ವಾಮಿ. ಅಳೋದು ನಾನೇ. ಇವರಿಬ್ಬರಿಗೂ ಹೇಳದೇ ಮಾಡಿಟ್ಟಿದ್ದೆ."

ಮೂವರೂ ತಿರುಗಿದರು.

"ನೀವಾ? ಕಲಾವಿದೆನಾ ನೀವು?"

"ಮನೆ ಕೆಲಸ, ಆಮೇಲೆ ಇದು."

"ಹೌದಾ? ಎಲ್ಲಿ, ಸ್ವಲ್ಪ ಅತ್ತು ತೋರಿಸಿ ನೋಡೋಣ." ತಮಾಷೆಗೆ ಕೇಳಿದರೋ, ನಿಜಕ್ಕೂ ಪರೀಕ್ಷೆಗೋ ಗೊತ್ತಾಗಲಿಲ್ಲ. ಪೆನ್ನು ಮಾತ್ರ ಕೈಯಲ್ಲಿತ್ತು.

ಅವರ ಮುಂದೆ, ಚೆಲ್ಲಿದ ನೀರಿನ ಪಕ್ಕದಲ್ಲಿ ನಿಂತು ಸೆರಗು ಬಾಯಿಗಿಟ್ಟುಕೊಂಡೆ. ನಟಿಸಬೇಕಾಗಿ ಬರಲಿಲ್ಲ. ಬಾಗಿಲಾಚೆ ಕೈ ಎತ್ತಿ, ತಟ್ಟದೆ ಇಳಿಸಿದವಳನ್ನು ನೆನೆಸಿಕೊಂಡೆ, ಅಷ್ಟೇ. ಶುರುವಾದದ್ದು ನಿಲ್ಲಲಿಲ್ಲ. ಗುರುತು ಪರಿಚಯವಿಲ್ಲದ ಮನುಷ್ಯನ ಎದುರು, ಹೊಟ್ಟೆಪಾಡಿಗೆ, ಇಷ್ಟು ದಿನ ಯಾರಿಗೂ ತೋರಿಸದ್ದನ್ನು ತೋರಿಸಿದೆ. ನಾಚಿಕೆಯಾಯಿತು, ಆದರೂ ನಿಲ್ಲಲಿಲ್ಲ.

"ಸಾಕು, ಸಾಕಮ್ಮ," ಎಂದರು ಅಧಿಕಾರಿ. ಅವರ ದನಿ ಮೆತ್ತಗಾಗಿತ್ತು. "ನನ್ನ ತಾಯಿ ನೆನಪಾದ್ರು. ಎಂಥಾ ಕಲೆ ಇದೆ ನಿಮ್ಮಲ್ಲಿ." ಸ್ವಂತ ತಯಾರಿಕೆ, ಮನೆಯವರೇ ಕಲಾವಿದರು ಎಂದು ಬರೆದುಕೊಂಡು, ನೀರು ಕುಡಿಯದೇ ಹೊರಟರು.

ಅವರು ಗೇಟು ದಾಟಿದ್ದೇ ತಡ, ಮಗ ನನ್ನನ್ನು ಎತ್ತಿಬಿಡುವುದೊಂದು ಬಾಕಿ.

"ಅಮ್ಮ! ಏನು ಆಕ್ಟಿಂಗ್! ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆ ಇದನ್ನ?"

ನಾನು ನೆಲದ ನೀರು ಒರೆಸಿದೆ. ಸೊಸೆ ನನ್ನ ಕೈಯಿಂದ ಬಟ್ಟೆ ಕಿತ್ತುಕೊಂಡು ತಾನು ಒರೆಸಿದಳು. ಅವಳು ತಲೆ ಎತ್ತಲಿಲ್ಲ. ಅಳುವ ಕೆಲಸ ಅವಳದ್ದಲ್ಲವೇ, ಯಾವುದು ಬರಿಸಿಕೊಂಡದ್ದು, ಯಾವುದು ಬಂದದ್ದು ಎಂದು ಅವಳಿಗೆ ತಿಳಿಯದೇ ಇರುತ್ತದೆಯೇ? ಆದರೆ ಅವಳೂ ಏನೂ ಕೇಳಲಿಲ್ಲ. ಆಮೇಲೆಯೂ ಕಣ್ಣು ತಪ್ಪಿಸಿಕೊಂಡೇ ಓಡಾಡಿದಳು.

ಗಡುವಿಗೆ ಮುಂಚೆಯೇ ನಂಬರ್ ಬಂತು. ಪರದೇಶದ ಅಂಗಡಿ ಉಳಿಯಿತು. ಮಗ ಮೊದಲಿನ ಹಾಗೆ ನಗತೊಡಗಿದ, ನನಗೆ ಹೊಸ ಚಪ್ಪಲಿ ತಂದುಕೊಟ್ಟ. ಮೆತ್ತನೆಯ ರಬ್ಬರಿನದು, ನಡೆದರೆ ಸದ್ದೇ ಬರುವುದಿಲ್ಲ. ಅವನಿಗೆ ಸಂತೋಷವಾಗಿದೆಯಲ್ಲ ಎಂದು ಹಾಕಿಕೊಂಡೆ. ಆ ಅಳುವನ್ನು ಅಂಗಡಿಯಿಂದ ತೆಗೆದುಬಿಡು ಎನ್ನಬೇಕೆಂದು ಎಷ್ಟೋ ಸಲ ಗಂಟಲವರೆಗೆ ಬಂತು. ಒಮ್ಮೆ ಸುಮ್ಮನೆ ವಿಚಾರಿಸುವ ಹಾಗೆ ಕೇಳಿಯೂ ನೋಡಿದೆ: ಮಾರಿದ್ದನ್ನು ವಾಪಸ್ ತರಿಸಬಹುದಾ ಅಂತ.

"ಹೇಗೆ ತರಿಸೋದಮ್ಮ? ನಮ್ಮ ಕಡೆ ತೆಗೀಬಹುದು. ತಗೊಂಡವರ ಹತ್ರ ಇದ್ದೇ ಇರುತ್ತೆ. ಎಲ್ಲೆಲ್ಲಿ ಹೋಗಿದೆಯೋ ಯಾರಿಗೆ ಗೊತ್ತು," ಎಂದ. ಯಾಕೆ ಎಂದು ಕೇಳಲಿಲ್ಲ.

ಮತ್ತೊಂದು ಸಂಜೆ ಇಬ್ಬರೂ ನನ್ನನ್ನು ಕಂಪ್ಯೂಟರ್ ಮುಂದೆ ಕೂರಿಸಿದರು. ಕೂರಿಸಿದ್ದು ಮಗ, ಸೊಸೆ ಬಾಗಿಲಲ್ಲಿ ನಿಂತಿದ್ದಳು. ಯಾವುದೋ ದೇಶದ ಕಂಪ್ಯೂಟರ್ ಆಟದವರು ನನ್ನ ಅಳು ತೆಗೆದುಕೊಂಡಿದ್ದರಂತೆ. ತುಂಬ ಹಿಡಿಸಿ, ಅದೇ ಹೆಂಗಸಿನದು ಇನ್ನಷ್ಟು ಬೇಕು, ಬೇರೆ ಬೇರೆ ತರದ ಅಳು ಬೇಕು ಎಂದು ಬರೆದಿದ್ದರು.

"ನೋಡು ಬಾ, ನೀನು ಹೇಗೆ ಬರ್ತೀಯ ಅಂತ," ಎಂದು ಮಗ ಆಟ ಹಚ್ಚಿದ.

ಪರದೆಯ ಮೇಲೆ ಒಂದು ಹಾಳು ಊರು. ಕತ್ತಿ ಕಟ್ಟಿಕೊಂಡ ಒಬ್ಬ ಹುಡುಗ ನಡೆಯುತ್ತಿದ್ದಾನೆ. ಮಗ ಗುಂಡಿ ಒತ್ತಿ ಒತ್ತಿ ಅವನನ್ನು ನಡೆಸಿದ. ಬೀದಿಯ ತುದಿಯಲ್ಲಿ ಒಂದು ನೀರಿನ ತೊಟ್ಟಿ, ಅದರ ಪಕ್ಕ ತಲೆ ಬಗ್ಗಿಸಿಕೊಂಡು ಕೂತ ಮುದುಕಿ. ಹುಡುಗ ಹತ್ತಿರ ಹೋದಂತೆ ನನ್ನ ಅಳು ಜೋರಾಗುತ್ತ ಬಂತು. ಅವಳ ಭುಜ ಅಲುಗುತ್ತಿತ್ತು. ಯಾರು ಮಾಡಿದರೋ, ಚೆನ್ನಾಗಿ ಮಾಡಿದ್ದರು.

"ಅವನು ಅವಳನ್ನ ಏನೂ ಕೇಳಲ್ವಾ?" ಎಂದೆ.

"ಕೇಳಬಹುದು. ಪಕ್ಕದಲ್ಲಿ ನಿಂತು ಈ ಗುಂಡಿ ಒತ್ತಿದ್ರೆ, ಯಾಕಮ್ಮ ಅಳ್ತಿದೀಯ ಅಂತ ಕೇಳ್ತಾನೆ. ಅವಳು ತನ್ನ ಕಥೆ ಹೇಳ್ತಾಳೆ."

"ಒತ್ತದೇ ಇದ್ರೆ?"

"ಒತ್ತದೇ ಇದ್ರೆ ಹಾಗೇ ಮುಂದೆ ಹೋಗ್ತಾನೆ. ಎಷ್ಟೋ ಜನ ಹಾಗೇ ಹೋಗೋದು. ಆಟಕ್ಕೇನೂ ತೊಂದರೆ ಇಲ್ಲ."

"ಸರಿ," ಎಂದೆ. "ಅಲ್ಲಿ ಕೇಳೋಕೆ ಒಂದು ಗುಂಡಿನಾದ್ರೂ ಇಟ್ಟಿದಾರೆ."

ಮಗ ನಕ್ಕು, ಮೈಕಿನ ಕಡೆ ಕೈ ಚಾಚಿದ. "ಈಗ ಶುರು ಮಾಡೋಣ್ವಾ? ಅವತ್ತಿನ ಹಾಗೇ. ಏನಾದ್ರೂ ದುಃಖದ್ದು ನೆನೆಸ್ಕೋ."

"ರೀ," ಎಂದಳು ಸೊಸೆ ಬಾಗಿಲಿನಿಂದ. "ಅದು ಆಕ್ಟಿಂಗ್ ಅಲ್ಲ. ಬಚ್ಚಲಲ್ಲಿ ಇಟ್ಟಿದ್ದ ಮೆಷಿನ್ನಿಗೆ ಸಿಕ್ಕಿದ್ದು ಅದು. ನಿಮಗಿನ್ನೂ ಗೊತ್ತಾಗ್ಲಿಲ್ವಾ?"

ಮಗನ ಕೈ ಹಾಗೇ ನಿಂತಿತು. ನನ್ನನ್ನು ನೋಡಿದ, ಹೆಂಡತಿಯನ್ನು ನೋಡಿದ, ಮತ್ತೆ ನನ್ನನ್ನು ನೋಡಿದ. ಅವನ ಮುಖದಿಂದ ನಗು ಹೋಗಲು ಸ್ವಲ್ಪ ಹೊತ್ತು ಹಿಡಿಯಿತು.

"ಯಾಕಮ್ಮ ಅಳ್ತಿದ್ದೆ?"

ಈ ಒಂದು ಮಾತಿಗೆ ಎಷ್ಟು ಕಾದಿದ್ದೆನೋ. ಬಂದಾಗ ಸಂತೋಷವೇನೂ ಆಗಲಿಲ್ಲ.

"ನನಗೆ ಇದ್ದವಳು ಒಬ್ಬಳು ಗೆಳತಿ. ನಮ್ಮ ಮನೆ ಬಾಗಿಲು ತಟ್ಟೋಕೆ ಹೆದರಿ, ಒಂದು ಮಾತೂ ಹೇಳದೇ ಊರು ಬಿಟ್ಟಳು. ಅದಕ್ಕೆ."

ಅವನಿಗೆ ಆ ಮಧ್ಯಾಹ್ನ ನೆನಪಾಯಿತೆಂದು ಕಾಣುತ್ತದೆ. ಕಣ್ಣು ಕೆಳಗೆ ಹಾಕಿದ.

"ಆಗಲೇ ನನಗೆ ಹೇಳಬಾರದಿತ್ತಾ ಅಮ್ಮ?"

"ಹೇಳೋಕೆ ಬಂದಾಗೆಲ್ಲ ನೀನು ತುಟಿ ಮೇಲೆ ಬೆರಳಿಡ್ತಿದ್ದೆ ಕಣೋ."

ಅವನು ಮೈಕಿನ ಕಡೆ ಚಾಚಿದ್ದ ಕೈ ಹಿಂದಕ್ಕೆ ತೆಗೆದುಕೊಂಡ. ಸೊಸೆ ಬಂದು ನನ್ನ ಪಕ್ಕ ಕೂತಳು. ಪರದೆಯ ಮೇಲೆ ಕತ್ತಿಯ ಹುಡುಗ ಸುಮ್ಮನೆ ನಿಂತಿದ್ದ. ತೊಟ್ಟಿಯ ಪಕ್ಕದ ಮುದುಕಿ ಇನ್ನೂ ಅಳುತ್ತಲೇ ಇದ್ದಳು. ಅದನ್ನು ನಿಲ್ಲಿಸಬೇಕೆಂದು ನಮ್ಮ ಮೂವರಿಗೂ ಹೊಳೆಯಲಿಲ್ಲ.